ಮತ್ತಿ ಮರದ ದಾರಂದ: ಸೀಳದಂತೆ, ತಿರುಚದಂತೆ ಮಾಡಿಸುವ ಪೂರ್ತಿ ಕ್ರಮ

ಒಕ್ಕಲಾಗಿ ವರ್ಷ ತುಂಬುವುದರೊಳಗೆ ದಾರಂದದ (ಬಾಗಿಲ ಚೌಕಟ್ಟಿನ) ಮೈಗೆ ಉದ್ದುದ್ದ ಸೀಳು. ಬಾಗಿಲು ಮೇಲಿನ ಮೂಲೆಯಲ್ಲಿ ಹಿಡಿಯುತ್ತದೆ, ಕೆಳಗಿನ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತದೆ. ಮತ್ತಿ ಹಾಕಿಸಿದವರ ದೂರು ಬಹುತೇಕ ಇವೇ. ಕೇಳಿದರೆ ‘ಮತ್ತಿ ಅಂದ್ರೆ ಹಾಗೇ, ಸೀಳೋ ಮರ’ ಅನ್ನುವ ಉತ್ತರ ಸಿಗುತ್ತದೆ. ಮತ್ತಿ ಸೀಳುವುದು ಒಣಗುವಾಗ. ಸರಿಯಾಗಿ ಒಣಗಿದ ಮತ್ತಿ ತಲೆಮಾರುಗಟ್ಟಲೆ ಅಲುಗುವುದಿಲ್ಲ. ಹಾಗಾಗಿ ಕೆಲಸ ಕೆಡುವುದು ಆಚಾರಿಯ ಉಳಿಯಲ್ಲಿ ಅಲ್ಲ, ಅದಕ್ಕೂ ಎಷ್ಟೋ ತಿಂಗಳು ಮೊದಲು: ದಿಮ್ಮಿಯ ತುದಿ ಮುಚ್ಚದೆ ಬಿಟ್ಟಾಗ, ಹಸಿಮರಕ್ಕೆ ಕಚ್ಚು (ಜೋಡಣೆಯ ತೂತು, ನಾಲಗೆ) ಹಾಕಿದಾಗ, ಗೃಹಪ್ರವೇಶದ ದಿನ ಗೊತ್ತಾದ ಮೇಲೆ ಮರ ಹುಡುಕಲು ಹೊರಟಾಗ.

ಕೆಳಗಿನ ಹಂತಗಳು 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಒಂದು ಬಾಗಿಲಿಗೆ, 5 ಇಂಚು × 3 ಇಂಚು ದಪ್ಪದ, ಹೊಸ್ತಿಲು ಸಹಿತವಾದ ದಾರಂದವನ್ನು ಗುರಿಯಾಗಿಟ್ಟುಕೊಂಡಿವೆ. ಕಿಟಕಿಗೂ ಕ್ರಮ ಇದೇ, ಅಳತೆ ಮಾತ್ರ ಬೇರೆ. ಯಾವ ಹಂತವನ್ನೂ ಹಿಂದುಮುಂದು ಮಾಡಬೇಡಿ.

## ಮೊದಲು ಮರದ ಸ್ವಭಾವ

ಗಾಳಿಗೆ ಒಣಗಿದ ಮತ್ತಿ ಘನ ಮೀಟರಿಗೆ ಸುಮಾರು 850 ಕೆ.ಜಿ. ತೂಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಘನ ಅಡಿಗೆ 24 ಕೆ.ಜಿ. ಆಸುಪಾಸು. ತೇಗ ಅದೇ ಅಳತೆಗೆ 18 ಕೆ.ಜಿ. ಸುತ್ತಮುತ್ತ ಇರುತ್ತದೆ. ಹೊಸದಾಗಿ ಕಡಿದ ಮತ್ತಿಯಂತೂ ಘನ ಅಡಿಗೆ 30 ಕೆ.ಜಿ. ದಾಟುತ್ತದೆ, ನೀರಿಗೆ ಹಾಕಿದರೆ ಮುಳುಗುತ್ತದೆ. ಈ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಆರನೇ ಹಂತದಲ್ಲಿ ತಕ್ಕಡಿ ಹಿಡಿದಾಗ ಬೇಕಾಗುತ್ತವೆ.

ಎಲ್ಲ ಮರಗಳೂ ಒಣಗುವಾಗ ಕುಗ್ಗುತ್ತವೆ, ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಕಾಂಡದ ಬೆಳವಣಿಗೆಯ ಬಳೆಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು ಒಂದೂವರೆ ಪಟ್ಟಿಗೂ ಹೆಚ್ಚು. ಮತ್ತಿ ದಟ್ಟವಾದ ಮರ, ಒಳಗಿನ ನೀರು ಹೊರಗೆ ಬರುವ ವೇಗ ಬಹಳ ಕಡಿಮೆ. ಹೊರಮೈ ಬಿಸಿಲಿಗೆ ಬೇಗ ಒಣಗಿ ಕುಗ್ಗಲು ಹೊರಡುತ್ತದೆ, ಒಳಗಿನ ಹಸಿಭಾಗ ಬಿಟ್ಟುಕೊಡುವುದಿಲ್ಲ. ಆ ಎಳೆದಾಟದಲ್ಲಿ ಹೊರಮೈ ಸೀಳುತ್ತದೆ. ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳ ಮೂಲ ಇದೇ: ಹೊರಮೈ ಮತ್ತು ಒಳಮೈ ಒಣಗುವ ವೇಗದ ಅಂತರ ಹೆಚ್ಚಾಗದಂತೆ ನೋಡಿಕೊಳ್ಳುವುದು.

ದಾರಂದ, ತೊಲೆ, ಜಂತಿ, ಪಕಾಸಿಗೆ ಮತ್ತಿ ಹೇಳಿಮಾಡಿಸಿದ್ದು. ಬಾಗಿಲಿನ ತೆಳು ಹಲಗೆ, ಅಂಟಿಸಿ ಮಾಡುವ ಮೇಜು, ನುಣುಪಾದ ಕೆತ್ತನೆ ಇವಕ್ಕೆ ಬೇಡ. ಎಳೆಗಳು ಒಂದು ಕಡೆ ಬಲಕ್ಕೆ, ಮತ್ತೊಂದು ಕಡೆ ಎಡಕ್ಕೆ ಹೆಣೆದುಕೊಂಡಿರುವುದರಿಂದ ಕೆತ್ತನೆಯ ಅಂಚು ಕಿತ್ತು ಬರುತ್ತದೆ. ದಾರಂದ ಮತ್ತಿ, ಬಾಗಿಲು ಹಲಸು ಅಥವಾ ತೇಗ ಎಂಬ ಹಳೆಯ ಪದ್ಧತಿಗೆ ಇದೇ ಕಾರಣ.

## ಹಂತ 1: ಸಿಕ್ಕಿದ್ದು ಮತ್ತಿಯೇ ಎಂದು ಖಚಿತ ಮಾಡಿಕೊಳ್ಳಿ

ನಿಂತ ಮರವಾದರೆ ಗುರುತು ಸುಲಭ. ದಾರಂದಕ್ಕೆ ಬೇಕಾದ ಕರಿಮತ್ತಿಯ ತೊಗಟೆ ದಪ್ಪ, ಬೂದುಗಪ್ಪು ಬಣ್ಣ, ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಆಳಕ್ಕೆ ಒಡೆದಿರುತ್ತದೆ. ಹೊಳೆದಂಡೆಯ ಹೊಳೆಮತ್ತಿಯ ತೊಗಟೆ ನಯವಾಗಿ, ತಿಳಿಬಣ್ಣದ್ದಾಗಿ, ತೆಳುವಾಗಿ ಸುಲಿಯುತ್ತದೆ. ಅದೂ ಮತ್ತಿಯ ಕುಲದ್ದೇ ಆದರೂ ಈ ಕೆಲಸಕ್ಕೆ ಅದಲ್ಲ.

ಕೊಯ್ದ ಮರ ಕೊಳ್ಳುವಾಗ ಮೋಸಹೋಗುವುದು ಹೆಚ್ಚು. ಮತ್ತಿಯ ಹೆಸರಿನಲ್ಲಿ ಹುಣಾಲು ಎಂಬ ಬೇರೆ ಮರ ಬರುವುದುಂಟು. ಹೊಸದಾಗಿ ಹತ್ತರಿ (ಮರದ ಮೈ ಹೆರೆಯುವ ಸಾಧನ) ಹಾಕಿದ ಮೈ ನೋಡಿ: ಮತ್ತಿಯ ಕೆಚ್ಚು (ಒಳಗಿನ ಗಟ್ಟಿ ಮರ) ಕಂದು, ಅದರಲ್ಲಿ ಗಾಢ ಕಂದು ಅಥವಾ ಕಪ್ಪು ಗೆರೆಗಳು ಅಲೆಯಲೆಯಾಗಿ ಓಡುತ್ತವೆ, ರಂಧ್ರಗಳು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಹುಣಾಲಿನದು ಬೂದುಗಂದು, ಮತ್ತಿಯಷ್ಟು ಗಾಢ ಗೆರೆ ಇರುವುದಿಲ್ಲ. ಹುಣಾಲು ಕೆಟ್ಟ ಮರವೇನಲ್ಲ, ಆದರೆ ಮತ್ತಿಯ ಬೆಲೆ ಕೊಟ್ಟು ಅದನ್ನು ತರಬೇಕಾಗಿಲ್ಲ.

## ಹಂತ 2: ಕಾಗದಪತ್ರ

ಸ್ವಂತ ಜಮೀನಿನ ಮತ್ತಿಯನ್ನು ಕಡಿಯಲೂ ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಗೆ ಅರ್ಜಿ ಕೊಡಿ. ದಿಮ್ಮಿ ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು, ಅದಿಲ್ಲದೆ ಸಾಮಿಲ್‌ಗೆ ಕೊಂಡೊಯ್ದರೆ ಮರವೂ ಗಾಡಿಯೂ ಜಪ್ತಿಯಾಗಬಹುದು. ಮರ ಇಲ್ಲದವರು ಸರ್ಕಾರಿ ನಾಟಾ ಸಂಗ್ರಹಾಲಯದ ಹರಾಜಿನಲ್ಲಿ ದಿಮ್ಮಿ ಕೊಳ್ಳಬಹುದು. ರಹದಾರಿಯ ಅವಧಿ ಮುಗಿಯುವ ಮೊದಲೇ ದಿಮ್ಮಿ ಮಿಲ್ಲು ತಲುಪಬೇಕು. ಅನುಮತಿಗೆ ಹಿಡಿಯುವ ಸಮಯವನ್ನೂ ಸೇರಿಸಿ, ಮನೆಯ ಪಾಯ ತೆಗೆಯುವುದಕ್ಕೆ ಒಂದೂವರೆ ಎರಡು ವರ್ಷ ಮೊದಲೇ ಮರದ ಕೆಲಸ ಶುರುಮಾಡಿ.

## ಹಂತ 3: ದಿಮ್ಮಿ ಆಯ್ಕೆ ಮತ್ತು ತುದಿ ಮುಚ್ಚುವುದು

ಕಡಿಯಲು ಒಳ್ಳೆಯ ಕಾಲ ಮಳೆ ನಿಂತ ಮೇಲೆ, ಕಾರ್ತೀಕದಿಂದ ಪುಷ್ಯದವರೆಗೆ. ಫಾಲ್ಗುಣ, ಚೈತ್ರದ ಬಿಸಿಲು ಏರುವುದರೊಳಗೆ ದಿಮ್ಮಿ ಕೊಯ್ದು, ಅಟ್ಟಿ ಹಾಕಿ ಮುಗಿಸಲು ಸಮಯ ಸಿಗುತ್ತದೆ.

ದಿಮ್ಮಿಯನ್ನು ಎರಡೂ ತುದಿಯಿಂದ ನೋಡಿ. ತಿರುಳು ನಡುಮಧ್ಯದಲ್ಲಿರಬೇಕು. ಒಂದು ಪಕ್ಕಕ್ಕೆ ಸರಿದಿದ್ದರೆ ಅದು ಓರೆಯಾಗಿ ಬೆಳೆದ ಮರ, ಎಷ್ಟು ಜೋಪಾನ ಮಾಡಿದರೂ ಬಿಲ್ಲಿನಂತೆ ಬಾಗುತ್ತದೆ. ತೊಗಟೆಯ ಗೆರೆಗಳು ಕಾಂಡವನ್ನು ಸುತ್ತಿಕೊಂಡು ಮೇಲೇರಿದ್ದರೆ ಒಳಗಿನ ಎಳೆಯೂ ಹಾಗೆಯೇ ಸುತ್ತಿದೆ ಎಂದರ್ಥ, ಅಂಥದ್ದು ತಿರುಚುವುದು ಖಂಡಿತ. ಕಾಂಡದ ಮೇಲೆ ದೊಡ್ಡ ಉಬ್ಬು ಇದ್ದರೆ ಆ ಭಾಗ ಬಿಟ್ಟು ಲೆಕ್ಕ ಹಾಕಿ. ಮತ್ತಿ ಕಾಂಡದೊಳಗೆ ನೀರು ತುಂಬಿಕೊಳ್ಳುವ ಮರ, ಉಬ್ಬಿನ ಹಿಂದೆ ಪೊಳ್ಳು ಇರಬಹುದು. ಕೊಡಲಿಯ ಹಿಂಬದಿಯಿಂದ ಬಡಿದು ಸದ್ದು ಕೇಳಿ, ಒಂದೇ ಬಗೆಯ ಗಟ್ಟಿ ಸದ್ದು ಉದ್ದಕ್ಕೂ ಬರಬೇಕು.

ಕಡಿದ ದಿನವೇ ಎರಡೂ ತುದಿ ಮುಚ್ಚಿ. ಎಳೆಯ ಉದ್ದಕ್ಕೆ ನೀರು ಓಡುವ ವೇಗ ಅಡ್ಡಕ್ಕೆ ಓಡುವುದಕ್ಕಿಂತ ಹಲವು ಪಟ್ಟು ಹೆಚ್ಚು, ಹಾಗಾಗಿ ಮೊದಲ ಸೀಳು ತುದಿಯಲ್ಲೇ ಹುಟ್ಟುತ್ತದೆ. ಕರಗಿಸಿದ ಪ್ಯಾರಾಫಿನ್ ಮೇಣ ಎಲ್ಲಕ್ಕಿಂತ ಒಳ್ಳೆಯದು. ಡಾಂಬರು ಅಥವಾ ಗಟ್ಟಿ ಎಣ್ಣೆಬಣ್ಣದ ಎರಡು ಕೋಟೂ ನಡೆಯುತ್ತದೆ. ಏನೂ ಸಿಗದ ಕಡೆ ಸಗಣಿಯನ್ನು ಕೆಮ್ಮಣ್ಣಿನೊಂದಿಗೆ ಕಲಸಿ ಅರ್ಧ ಇಂಚು ದಪ್ಪ ಮೆತ್ತಿ, ಒಣಗಿ ಉದುರಿದಂತೆ ಮತ್ತೆ ಮೆತ್ತುತ್ತಿರಿ. ಮೂರು ದಿನ ಬಿಟ್ಟು ಬಳಿದರೆ ಕೂದಲೆಳೆಯ ಸೀಳುಗಳು ಆಗಲೇ ಒಳಗೆ ಹೋಗಿರುತ್ತವೆ, ಬಳಿದದ್ದು ಅವನ್ನು ಕಣ್ಣಿಗೆ ಮರೆಮಾಡುತ್ತದೆ ಅಷ್ಟೇ.

ತಕ್ಷಣ ಕೊಯ್ಸಲು ಆಗದಿದ್ದರೆ ದಿಮ್ಮಿಯನ್ನು ಕೆರೆಯಲ್ಲೋ ಹೊಂಡದಲ್ಲೋ ಪೂರ್ತಿ ಮುಳುಗಿಸಿಡಿ. ಅರ್ಧ ಮುಳುಗಿ ಅರ್ಧ ತೇಲುವಂತೆ ಇಡಬೇಡಿ, ನೀರಿನ ಗೆರೆಯಲ್ಲಿ ಕೊಳೆ ಹಿಡಿಯುತ್ತದೆ. ಬಿಸಿಲಲ್ಲಿ ಬಯಲಿಗೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

## ಹಂತ 4: ಲೆಕ್ಕ ಹಾಕಿ ಹಸಿಯಲ್ಲೇ ಕೊಯ್ಸಿ

‘ದಿಮ್ಮಿ ಒಂದು ವರ್ಷ ಒಣಗಲಿ, ಆಮೇಲೆ ಕೊಯ್ಸೋಣ’ ಎಂಬುದು ಮತ್ತಿಗೆ ಹೊಂದುವುದಿಲ್ಲ. ಇಡೀ ದಿಮ್ಮಿ ಒಣಗಲು ಬಿಟ್ಟರೆ ತಿರುಳಿನವರೆಗೆ ಸೀಳುತ್ತದೆ. ಕಡಿದ ಕೆಲವೇ ವಾರಗಳಲ್ಲಿ, ಹಸಿಯಲ್ಲೇ ಕೊಯ್ಸಿ.

ಬೇಕಾಗುವ ಮರದ ಲೆಕ್ಕ ಹೀಗೆ. ನಿಲುಗಂಬ ಎರಡು, ತಲಾ 7 ಅಡಿ. ಮೇಲಡ್ಡ ಮತ್ತು ಹೊಸ್ತಿಲು, ಗೋಡೆಯೊಳಗೆ ಹೋಗುವ ಆರಾರು ಇಂಚು ಚಾಚು ಸೇರಿ ತಲಾ ನಾಲ್ಕೂವರೆ ಅಡಿ. ಪ್ರತಿ ತುಂಡಿಗೂ ಎರಡು ತುದಿಯಲ್ಲಿ ಮೂರು ಮೂರು ಇಂಚು ಹೆಚ್ಚು ಬಿಡಿ, ತುದಿ ಸೀಳು ಬಂದರೆ ಕತ್ತರಿಸಿ ತೆಗೆಯಲು. ಒಟ್ಟು 25 ಅಡಿ ಉದ್ದವಾಯಿತು. ದಪ್ಪದಲ್ಲಿ 5 × 3ರ ಬದಲು ಐದೂವರೆ × ಮೂರೂವರೆ ಇಂಚಿಗೆ ಕೊಯ್ಸಿ. ಈ ಅರ್ಧ ಇಂಚಿನಲ್ಲಿ ಅಗಲದ ಕಡೆ ಹೆಚ್ಚುಕಡಿಮೆ ಕಾಲು ಇಂಚು ಕುಗ್ಗುವುದಕ್ಕೇ ಹೋಗುತ್ತದೆ, ಉಳಿದದ್ದು ಹತ್ತರಿಗೆ. ಹೀಗೆ ಕೊಯ್ದ ಮರ 3.34 ಘನ ಅಡಿ ಬೇಕು.

ದಿಮ್ಮಿಯ ಅಳತೆ ಡಿಪೋಗಳಲ್ಲಿ ಕಾಲುಸುತ್ತಳತೆಯ ಸೂತ್ರದಲ್ಲಿ ನಡೆಯುತ್ತದೆ: ಸುತ್ತಳತೆಯ ಇಂಚನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸುವುದು. 60 ಇಂಚು ಸುತ್ತಳತೆ, 8 ಅಡಿ ಉದ್ದದ ದಿಮ್ಮಿ 12.5 ಘನ ಅಡಿ ಆಗುತ್ತದೆ. ಬಿಳಿಭಾಗ (ತೊಗಟೆಯ ಒಳಗಿನ ತಿಳಿಬಣ್ಣದ ಮರ), ತಿರುಳು, ಗರಗಸದ ಪುಡಿ ಎಲ್ಲ ಕಳೆದು ಅದರ ಅರ್ಧದಷ್ಟು ಕೈಗೆ ಬಂದರೆ ಸಮಾಧಾನಪಡಿ. ಒಂದು ಬಾಗಿಲು, ಒಂದೆರಡು ಕಿಟಕಿಯ ದಾರಂದ ಅದರಲ್ಲಿ ಹೊರಡುತ್ತದೆ.

ಕೊಯ್ಯುವಾಗ ಪಕ್ಕದಲ್ಲಿ ನಿಂತು ಎರಡು ವಿಷಯ ಪಟ್ಟುಹಿಡಿದು ಹೇಳಿ.

ಮೊದಲನೆಯದು, ತಿರುಳು ಯಾವ ತುಂಡಿನೊಳಗೂ ಇರಬಾರದು. ನಡುವಿನ ಎರಡು ಇಂಚು ಹಲಗೆಯನ್ನು ಬೇರೆ ತೆಗೆಸಿ. ನಾಲ್ಕೂ ಮೈಯಲ್ಲಿ ಕೆಚ್ಚು ಕಾಣುವ, ನಡುವೆ ತಿರುಳಿರುವ ಕಂಬ ಗಟ್ಟಿ ಎಂದು ಎಷ್ಟೋ ಜನ ನಂಬಿದ್ದಾರೆ. ಸುತ್ತಿನ ದಿಕ್ಕಿನಲ್ಲಿ ಹೆಚ್ಚು ಕುಗ್ಗುವ ಮರ ತಿರುಳನ್ನು ಒಳಗಿಟ್ಟುಕೊಂಡು ಒಣಗಿದರೆ ಯಾವುದಾದರೂ ಒಂದು ಮೈ ಬಿಡಲೇಬೇಕು. ಒಕ್ಕಲಾದ ಮನೆಗಳಲ್ಲಿ ಕಾಣುವ ಉದ್ದ ಸೀಳುಗಳಲ್ಲಿ ದೊಡ್ಡ ಪಾಲು ಇಂಥ ಕಂಬಗಳದ್ದೇ.

ಎರಡನೆಯದು, ಬಿಳಿಭಾಗ ಪೂರ್ತಿ ಹೋಗಬೇಕು. ಕೊರೆಹುಳು ಬೀಳುವುದು ಅಲ್ಲಿಗೆ. ಒಂದು ಮೂಲೆಯಲ್ಲಿ ಅರ್ಧ ಇಂಚು ಉಳಿಯುವುದು ಅನಿವಾರ್ಯವಾದರೆ ಬೋರಿಕ್ ಆಸಿಡ್ ಮತ್ತು ಬೊರಾಕ್ಸ್ ದ್ರಾವಣ ಹಚ್ಚಿ: 10 ಲೀಟರ್ ಬಿಸಿನೀರಿಗೆ 240 ಗ್ರಾಂ ಬೋರಿಕ್ ಆಸಿಡ್, 360 ಗ್ರಾಂ ಬೊರಾಕ್ಸ್. ಮರ ಹಸಿಯಿರುವಾಗಲೇ ಎರಡು ಮೂರು ಸಲ ಬಳಿಯಿರಿ. ಮತ್ತಿಯ ಕೆಚ್ಚು ಯಾವ ಔಷಧವನ್ನೂ ಸರಿಯಾಗಿ ಹೀರುವುದಿಲ್ಲ, ಅದಕ್ಕೆ ಹಚ್ಚಿ ದುಡ್ಡು ಕಳೆಯಬೇಡಿ. ಮಳೆನೀರು ಬೀಳುವ ಕಡೆ ಈ ದ್ರಾವಣ ತೊಳೆದುಹೋಗುತ್ತದೆ ಎನ್ನುವುದೂ ಗೊತ್ತಿರಲಿ.

ಕೆಲವು ದಿಮ್ಮಿಗಳ ಒಳಬಿರುಕಿನಲ್ಲಿ ಸುಣ್ಣದಂಥ ಬಿಳಿ ಗಟ್ಟಿ ಸೇರಿಕೊಂಡಿರುತ್ತದೆ. ಉಗುರಿನಿಂದ ಕೆರೆದರೆ ಬರುವುದಿಲ್ಲ, ಗರಗಸದ ಹಲ್ಲಿಗೆ ಸಿಕ್ಕರೆ ಕಿಡಿ ಹಾರುತ್ತದೆ. ತುದಿಯಲ್ಲಿ ಬಿಳಿ ಗೆರೆ ಕಂಡರೆ ಮಿಲ್ಲಿನವರಿಗೆ ಮೊದಲೇ ತೋರಿಸಿ.

## ಹಂತ 5: ಅಟ್ಟಿ ಹಾಕಿ ಒಣಗಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ, ಜನ ಅವಸರ ಮಾಡುವುದೂ ಇಲ್ಲಿಯೇ. ಕೊಯ್ದ ದಿನವೇ ಅಟ್ಟಿ ಹಾಕಬೇಕು. ಗೋಡೆಗೆ ಒರಗಿಸಿ ನಿಲ್ಲಿಸಿದ ಮತ್ತಿ ಒಂದು ವಾರದಲ್ಲಿ ಬಾಗಿರುತ್ತದೆ.

ಜಾಗ: ಮೇಲೆ ಸೂರು, ಪಕ್ಕ ತೆರೆದಿರಬೇಕು. ಕೊಟ್ಟಿಗೆಯ ಜಗಲಿ ಅಥವಾ ಅಡಿಕೆ ಸುಲಿಯುವ ಚಪ್ಪರದ ನೆರಳಿನ ಬದಿ ಸಾಕು. ಶೀಟು ಹೊದಿಸಿದ, ನಾಲ್ಕೂ ಕಡೆ ಮುಚ್ಚಿದ ಕೋಣೆ ಬೇಡ, ಮಧ್ಯಾಹ್ನ ಅದು ಒಲೆಯಾಗುತ್ತದೆ. ಅಡುಗೆಮನೆಯ ಅಟ್ಟದ ಮೇಲೂ ಹಸಿ ಮತ್ತಿ ಬೇಡ.

ಅಡಿಪಾಯ: ಚಿರೆಕಲ್ಲು ಅಥವಾ ಸಿಮೆಂಟ್ ಇಟ್ಟಿಗೆಯ ಸಾಲುಗಳನ್ನು ಒಂದೂವರೆ ಅಡಿ ಎತ್ತರಕ್ಕೆ ಕಟ್ಟಿ, ಮೇಲಿನ ಮಟ್ಟ ರಸಮಟ್ಟದಿಂದ ನೋಡಿ. ಅಡಿಪಾಯ ಸೊಟ್ಟಗಿದ್ದರೆ ಮರ ಅದೇ ಸೊಟ್ಟಿನಲ್ಲಿ ಒಣಗಿ ಹಾಗೆಯೇ ನಿಲ್ಲುತ್ತದೆ.

ಅಡ್ಡಪಟ್ಟಿ: ಒಣಗಿದ ಮರದ ಪಟ್ಟಿಗಳು, ಎಲ್ಲವೂ ಒಂದೇ ದಪ್ಪ, ಮುಕ್ಕಾಲು ಇಂಚು. ತೇಗಕ್ಕೆ ಒಂದು ಇಂಚು ಇಟ್ಟರೂ ನಡೆಯುತ್ತದೆ, ಮತ್ತಿಗೆ ಗಾಳಿ ಕಡಿಮೆಯೇ ಇರಲಿ. ಒಂದೂವರೆ ಅಡಿಗೊಂದು ಪಟ್ಟಿ ಇಡಿ. ತುದಿಯ ಪಟ್ಟಿ ಮರದ ತುದಿಗೆ ಸಮನಾಗಿ ಕೂರಬೇಕು. ಒಂದು ಸಾಲಿನ ಪಟ್ಟಿಯ ನೇರ ಮೇಲೆಯೇ ಮುಂದಿನ ಸಾಲಿನ ಪಟ್ಟಿ ಬರಬೇಕು, ಅದರ ನೇರ ಕೆಳಗೆ ಕಲ್ಲಿನ ಸಾಲು ಇರಬೇಕು. ಪಟ್ಟಿಗಳು ಹಿಂದುಮುಂದಾದರೆ ಮೇಲಿನ ಭಾರವೇ ಕೆಳಗಿನ ತುಂಡನ್ನು ಬಗ್ಗಿಸುತ್ತದೆ. ಹಸಿ ಬಿದಿರಿನ ಸೀಳು, ಅಡಿಕೆ ದಬ್ಬೆಯ ತುಂಡು ಬಳಸಬೇಡಿ. ಅವುಗಳ ದಪ್ಪ ಒಂದೇ ಸಮ ಇರುವುದಿಲ್ಲ, ಮರದ ಮೇಲೆ ಕಲೆಯೂ ಉಳಿಯುತ್ತದೆ.

ಭಾರ: ಎಲ್ಲಕ್ಕಿಂತ ಮೇಲಿನ ಸಾಲಿನ ಮೇಲೆ ಅಡ್ಡಪಟ್ಟಿ ಇಟ್ಟು, ಅದರ ಮೇಲೆ ಚಿರೆಕಲ್ಲು ಹೇರಿ. ಭಾರವಿಲ್ಲದ ಮೇಲಿನ ಸಾಲು ತಿರುಚುತ್ತದೆ. ಅಟ್ಟಿಯಲ್ಲಿ ಮೇಲೆ ಅಗ್ಗದ ಹಲಗೆಗಳು, ಕೆಳಗೆ ನಿಲುಗಂಬಗಳು ಬರುವಂತೆ ಜೋಡಿಸಿದರೆ ಒಳ್ಳೆಯದು.

ತುದಿಗಳಿಗೆ ಮತ್ತೊಮ್ಮೆ ಮೇಣ ಅಥವಾ ಬಣ್ಣ ಬಳಿಯಿರಿ. ದಿಮ್ಮಿಗೆ ಬಳಿದದ್ದು ಕತ್ತರಿಸುವಾಗ ಹೋಗಿರುತ್ತದೆ, ಇದನ್ನು ಮರೆಯುವವರೇ ಹೆಚ್ಚು.

ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಅಟ್ಟಿ ನೋಡಿ. ಮಾಘದಿಂದ ವೈಶಾಖದವರೆಗೆ ಗಾಳಿ ಬೀಸುವ ಬದಿಗೆ ಗೋಣಿತಾಟು ಇಳಿಬಿಡಿ. ಬಯಲುಸೀಮೆಯ ಒಣಗಾಳಿಯಲ್ಲಿ ಎರಡೂ ಬದಿಗೆ ಬೇಕಾಗುತ್ತದೆ. ಮಳೆ ಹಿಡಿದ ಮೇಲೆ ತಾಟು ತೆಗೆದು ಗಾಳಿ ಆಡಲು ಬಿಡಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಅಟ್ಟಿಯಲ್ಲಿ ಕಾಣುವ ಎಚ್ಚರಿಕೆಯ ಗುರುತುಗಳು:

- ಮೈಮೇಲೆ ಕೂದಲೆಳೆಯ ಸಣ್ಣ ಸಣ್ಣ ಬಿರುಕು: ಒಣಗುವ ವೇಗ ಜಾಸ್ತಿ. ಅದೇ ದಿನ ತಾಟು ಹಾಕಿ. ಅರೆಕಾಲು ಇಂಚಿನೊಳಗಿನ (ಇಂಚಿನ ಎಂಟರಲ್ಲೊಂದು) ಬಿರುಕಾದರೆ ಹತ್ತರಿಯಲ್ಲಿ ಹೋಗುತ್ತದೆ.
- ತುದಿಯ ಸೀಳು ಮೂರು ಇಂಚು ದಾಟಿ ಮುಂದುವರಿಯುವುದು: ಬಳಿದ ಪದರ ಒಡೆದಿದೆ. ಸೀಳಿನ ಒಳಗೂ ಇಳಿಯುವಂತೆ ಬಿಸಿ ಮೇಣ ಹಾಕಿ.
- ಬಿಳಿ ಅಥವಾ ಕಪ್ಪು ಬೂಷ್ಟು: ಗಾಳಿ ಸಾಲದು. ಒಣಬಟ್ಟೆಯಿಂದ ಒರೆಸಿ, ಸಾಲುಗಳ ನಡುವೆ ಸಂದು ಹೆಚ್ಚಿಸಿ. ಬಿಸಿಲಿಗೆ ಎಳೆದು ಹಾಕಬೇಡಿ.
- ಕೆಳಗೆ ಹಿಟ್ಟಿನಂಥ ಪುಡಿ: ಬಿಳಿಭಾಗ ಎಲ್ಲೋ ಉಳಿದಿದೆ, ಹುಳು ಬಿದ್ದಿದೆ. ಆ ತುಂಡನ್ನು ಹೊರತೆಗೆದು ಬಿಳಿಭಾಗ ಕೆತ್ತಿ.

ಎಷ್ಟು ಕಾಲ? ಇಂಥ ದಟ್ಟ ಮರಕ್ಕೆ ಇಂಚಿಗೆ ಒಂದು ವರ್ಷ ಎನ್ನುವುದು ಹಳಬರ ಲೆಕ್ಕ. ಮೂರೂವರೆ ಇಂಚಿನ ಕಂಬಕ್ಕೆ ಅಷ್ಟು ಕಾಯಲು ಆಗದಿದ್ದರೂ ಎರಡು ಮಳೆಗಾಲ, ಎರಡು ಬೇಸಿಗೆ ಅಟ್ಟಿಯಲ್ಲಿ ಕಳೆಯಲೇಬೇಕು. ಹಬೆಕೋಣೆಯಲ್ಲಿ ಒಣಗಿಸಿಕೊಡುವ ಮಿಲ್ಲುಗಳಿವೆ. ಹಸಿ ಮತ್ತಿಯನ್ನು ನೇರ ಅಲ್ಲಿಗೆ ಹಾಕಿದರೆ ಮೇಲೆ ಚೆನ್ನಾಗಿ ಕಂಡು ಒಳಗೆ ಜೇನುಗೂಡಿನಂತೆ ಬಿರಿಯಬಹುದು. ಅಟ್ಟಿಯಲ್ಲಿ ತೇವ 25 ಶೇಕಡಕ್ಕೆ ಇಳಿದ ಮೇಲೆ ಕಡಿಮೆ ಶಾಖದಲ್ಲಿ ಮುಗಿಸಿಕೊಡುವಂತೆ ಕೇಳಿ.

## ಹಂತ 6: ಒಣಗಿದೆ ಎಂದು ಹೇಗೆ ಗೊತ್ತು?

ಬೆರಳಿನಿಂದ ತಟ್ಟಿ, ಮುಟ್ಟಿ ನೋಡಿ ಹೇಳುವುದು ಮತ್ತಿಯಲ್ಲಿ ನಡೆಯುವುದಿಲ್ಲ. ಹೊರಗಿನ ಅರ್ಧ ಇಂಚು ಒಣಗಿ ಒಳಗೆ ಹಸಿಯಿದ್ದರೂ ಕೈಗೆ ಒಣಗಿದಂತೆಯೇ ಸಿಗುತ್ತದೆ.

ಸುಲಭ ದಾರಿ ತಕ್ಕಡಿ. ಐದೂವರೆ × ಮೂರೂವರೆ ಇಂಚಿನ, ಏಳೂವರೆ ಅಡಿಯ ನಿಲುಗಂಬ ಲೆಕ್ಕಕ್ಕೆ ಸರಿಯಾಗಿ ಒಂದು ಘನ ಅಡಿ. ಕೊಯ್ದ ದಿನ ಒಂದು ಕಂಬ ತೂಗಿ, ತೂಕವನ್ನು ಅದರ ತುದಿಯಲ್ಲೇ ಬರೆದಿಡಿ. ತಿಂಗಳಿಗೊಮ್ಮೆ ಅದನ್ನೇ ತೂಗುತ್ತಾ ಬನ್ನಿ. 30ರ ಮೇಲಿದ್ದದ್ದು 22, 23 ಕೆ.ಜಿ. ಆಸುಪಾಸಿಗೆ ಬಂದು (ಒಣಗುವಾಗ ಕಂಬವೂ ಕುಗ್ಗುವುದರಿಂದ 24ಕ್ಕಿಂತ ಸ್ವಲ್ಪ ಕಡಿಮೆ), ಬೇಸಿಗೆಯಲ್ಲೂ ಎರಡು ತಿಂಗಳು ಅಲ್ಲೇ ನಿಂತರೆ ಕೆಲಸಕ್ಕೆ ಸಿದ್ಧ. ಮಳೆಗಾಲದಲ್ಲಿ ತೂಕ ನಿಂತಿದೆ ಎಂದು ಮೋಸಹೋಗಬೇಡಿ, ಆಗ ಗಾಳಿಯೇ ಒದ್ದೆ.

ನಿಖರವಾಗಿ ಬೇಕಾದವರು ತುಂಡು ಸುಟ್ಟು ನೋಡುವ ಬದಲು ಒಣಗಿಸಿ ನೋಡಬಹುದು. ತುದಿಯಿಂದ ಒಂದು ಅಡಿಯಾದರೂ ಒಳಗೆ, ಒಂದು ಇಂಚು ದಪ್ಪದ ಚೂರನ್ನು ಅಡ್ಡಕ್ಕೆ ಕತ್ತರಿಸಿ ಕೂಡಲೇ ತೂಗಿ. 103 ಡಿಗ್ರಿ ಶಾಖದ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. ಕಳೆದುಹೋದ ತೂಕವನ್ನು ಒಣತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. 460 ಗ್ರಾಂ ಇದ್ದದ್ದು 400ಕ್ಕೆ ಇಳಿದರೆ ತೇವ 15 ಶೇಕಡ. ಇದಕ್ಕಾಗಿ ಒಂದು ಹೆಚ್ಚುವರಿ ತುಂಡನ್ನು ಅಟ್ಟಿಯಲ್ಲಿ ಮೊದಲೇ ಇಟ್ಟಿರಿ.

ಕರಾವಳಿ, ಮಲೆನಾಡಿಗೆ 14ರಿಂದ 16, ಬಯಲುಸೀಮೆಗೆ 12 ಶೇಕಡದ ಆಸುಪಾಸು ಇರಲಿ. ಸಾಗರದಲ್ಲಿ ಒಣಗಿದ ಮರವನ್ನು ಬಳ್ಳಾರಿಯ ಮನೆಗೆ ಒಯ್ದರೆ ಅಲ್ಲಿ ಮತ್ತೆ ಒಂದೆರಡು ತಿಂಗಳು ಅಟ್ಟಿಯಲ್ಲಿಟ್ಟು ಆಮೇಲೆ ಮುಟ್ಟಿ. ಮುಳ್ಳು ಚುಚ್ಚುವ ತೇವಮಾಪಕ ಬಳಸುವುದಾದರೆ ಹೊರಮೈಯಲ್ಲಿ ಅಲ್ಲ, ಹೊಸದಾಗಿ ಕತ್ತರಿಸಿದ ಅಡ್ಡಮೈಯ ನಡುವೆ ಚುಚ್ಚಿ ಓದಿ.

## ಹಂತ 7: ಅಳತೆಗೆ ತರುವುದು

ಬೇಕಾದ ಸಾಮಾನು: ಕಾರ್ಬೈಡ್ ಹಲ್ಲಿನ ಗರಗಸದ ಬ್ಲೇಡು, ಹತ್ತರಿ, 1 ಇಂಚು ಮತ್ತು ಅರ್ಧ ಇಂಚಿನ ಉಳಿ, ಕೊಡತಿ, ಮೂಲೆಮಟ್ಟ, ಡ್ರಿಲ್, ಸಾಣೆಕಲ್ಲು, ಮೂಗು ಮುಚ್ಚುವ ಮಾಸ್ಕ್.

ಒಂದೇ ಸಲಕ್ಕೆ 5 × 3ಕ್ಕೆ ಇಳಿಸಬೇಡಿ. ಮೊದಲು ಅರೆಕಾಲು ಇಂಚು ಉಳಿಸಿಕೊಂಡು ನಾಲ್ಕೂ ಮೈ ಹತ್ತರಿ ಹಾಕಿ, ಮತ್ತೆ ಅಡ್ಡಪಟ್ಟಿಯ ಮೇಲೆ ಎರಡು ವಾರ ಇಡಿ. ಒಳಗೆ ಉಳಿದಿದ್ದ ಬಿಗಿತ ಸಡಿಲಾಗಿ ಬಾಗುವುದಿದ್ದರೆ ಆಗ ಬಾಗುತ್ತದೆ, ಉಳಿದ ಅರೆಕಾಲು ಇಂಚಿನಲ್ಲಿ ಅದನ್ನು ನೇರ ಮಾಡಬಹುದು. ಈ ಎರಡು ವಾರ ಉಳಿಸಲು ಹೋದವರೇ ಆಮೇಲೆ ವರ್ಷಗಟ್ಟಲೆ ಬಾಗಿಲು ಕೆರೆಯುತ್ತಾರೆ.

ಗರಗಸದ ಹಿಂದೆ ಮರ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಹಲ್ಲು ಮೊಂಡಾಗಿದೆ, ಇಲ್ಲವೇ ತಳ್ಳುವ ವೇಗ ತಪ್ಪಿದೆ. ಹತ್ತರಿಯ ಅಲಗು ತೆಳು ಸಿಪ್ಪೆ ತೆಗೆಯುವಷ್ಟೇ ಹೊರಗಿರಲಿ. ಎಳೆ ಕಿತ್ತು ಬರುವ ಕಡೆ ದಿಕ್ಕು ಬದಲಿಸಿ, ಆಗಲೂ ಬಂದರೆ ಒಡೆದ ಗಾಜಿನ ನೇರ ಅಂಚಿನಿಂದ ಅಥವಾ ಉಕ್ಕಿನ ತಗಡಿನಿಂದ ಕೆರೆಯಿರಿ. ಉಳಿಯನ್ನು 30 ಡಿಗ್ರಿ ಕೋನಕ್ಕೆ ಮಸೆಯಿರಿ, ಅದಕ್ಕಿಂತ ಚೂಪು ಮಾಡಿದರೆ ಮತ್ತಿಯಲ್ಲಿ ಅಂಚು ಮುರಿಯುತ್ತದೆ.

## ಹಂತ 8: ಕಚ್ಚು ಮತ್ತು ಜೋಡಣೆ

ನಿಲುಗಂಬದ ತುದಿಯಲ್ಲಿ ನಾಲಗೆ, ಮೇಲಡ್ಡ ಮತ್ತು ಹೊಸ್ತಿಲಿನಲ್ಲಿ ತೂತು. ನಾಲಗೆಯ ದಪ್ಪ ಮರದ ದಪ್ಪದ ಮೂರರಲ್ಲಿ ಒಂದು, ಅಂದರೆ 1 ಇಂಚು. ತೂತನ್ನು ಎರಡೂ ಮೈಯಿಂದ ಅರ್ಧರ್ಧ ಕೊರೆಯಿರಿ, ಒಂದೇ ಕಡೆಯಿಂದ ಕೊರೆದರೆ ಹಿಂಬದಿ ಸಿಡಿಯುತ್ತದೆ. ನಾಲಗೆ ಕೈಯೊತ್ತಿಗೆ ಅರ್ಧ ಇಳಿದು, ಉಳಿದರ್ಧ ಕೊಡತಿಯ ಹಗುರ ಏಟಿಗೆ ಕೂರಬೇಕು. ಮೃದು ಮರದ ಹಾಗೆ ‘ಬಿಗಿಯಾಗಿ ಬಡಿದರೆ ಕೂರುತ್ತೆ’ ಎಂದು ಬಡಿದರೆ ತೂತಿನ ಅಂಚಿನಿಂದ ಸೀಳು ಓಡುತ್ತದೆ, ಮತ್ತಿ ಅಮುಕಿಕೊಳ್ಳುವ ಮರವಲ್ಲ.

ಬಾಗಿಲು ಕೂರುವ ಮೆಟ್ಟು ಅರ್ಧ ಇಂಚು ಆಳ, ಬಾಗಿಲಿನ ದಪ್ಪದಷ್ಟೇ ಅಗಲ. ಕಂಬಗಳನ್ನು ಇಡುವಾಗ ದಿಮ್ಮಿಯ ತಿರುಳಿನ ಕಡೆಯಿದ್ದ ಮೈ ಬಾಗಿಲಿನ ಕಡೆಗೆ, ತೊಗಟೆಯ ಕಡೆಯಿದ್ದ ಮೈ ಗೋಡೆಯ ಕಡೆಗೆ ಬರಲಿ. ಮುಂದೆ ಒಂದಿಷ್ಟು ಕುಗ್ಗಿದರೂ ತೊಗಟೆ ಬದಿ ಒಳಬಾಗಿ ಅಂಚುಗಳು ಗೋಡೆಗೆ ಒತ್ತಿಕೊಳ್ಳುತ್ತವೆ, ಸಂದು ಬಿಡುವುದಿಲ್ಲ.

ಕಚ್ಚಿಗೆ ಕಬ್ಬಿಣದ ಮೊಳೆ ಬೇಡ, ಒಣ ಮತ್ತಿಯದೇ ಮರದ ಮೊಳೆ ಸಾಕು. ನಾಲಗೆಯ ರಂಧ್ರವನ್ನು ಹೊರಗಿನ ರಂಧ್ರಕ್ಕಿಂತ ಒಂದೂವರೆ ಮಿ.ಮೀ. ಭುಜದ (ನಾಲಗೆ ಶುರುವಾಗುವ ಬುಡದ) ಕಡೆಗೆ ಸರಿಸಿ ಕೊರೆದರೆ ಮೊಳೆ ಬಡಿದಂತೆ ಕಚ್ಚು ತಾನೇ ಬಿಗಿಯುತ್ತದೆ.

ಜೋಡಿಸಿದ ಮೇಲೆ ಎರಡು ಪರೀಕ್ಷೆ. ಕರ್ಣದ ಅಳತೆ ಎರಡೂ ಕಡೆ ಒಂದೇ ಇರಬೇಕು. ಹೊರ ಅಳತೆ 84 × 42 ಇಂಚು ಇದ್ದರೆ ಕರ್ಣ 94 ಇಂಚಿಗೆ ಕೂದಲೆಳೆ ಕಡಿಮೆ ಬರುತ್ತದೆ, ಎರಡರ ನಡುವೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬೇಡ. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿದು ಕಟ್ಟಿ. ನಡುವೆ ಅವು ಒಂದಕ್ಕೊಂದು ತಾಗಿಯೂ ತಾಗದಂತೆ ಹಾಯಬೇಕು. ಸಂದು ಕಂಡರೆ, ಅಥವಾ ಒಂದು ಇನ್ನೊಂದನ್ನು ತಳ್ಳಿದರೆ, ಚೌಕಟ್ಟು ತಿರುಚಿದೆ. ಕರ್ಣ ಸರಿಯಿದ್ದೂ ತಿರುಚಿರಬಹುದು, ಅದಕ್ಕೇ ಎರಡೂ ಪರೀಕ್ಷೆ ಬೇಕು. ಸರಿಯಾದ ಮೇಲೆ ಮೂಲೆಗಳಿಗೆ ಓರೆಪಟ್ಟಿ, ನಡುವೆ ಅಡ್ಡಪಟ್ಟಿ ಹೊಡೆದು ಬಿಡಿ. ಗೋಡೆ ಗಟ್ಟಿಯಾಗುವವರೆಗೆ ಇವನ್ನು ತೆಗೆಯಬಾರದು.

ತಿರುಪು ಹಾಕುವ ಕಡೆಯಲ್ಲೆಲ್ಲ ಮೊದಲು ರಂಧ್ರ ಕೊರೆಯಿರಿ. 8 ನಂಬರಿನ ತಿರುಪಿಗೆ 3 ಮಿ.ಮೀ. ಡ್ರಿಲ್ ಸರಿ. ತಿರುಪಿನ ಎಳೆಗೆ ಸಾಬೂನು ಉಜ್ಜಿ ತಿರುಗಿಸಿ. ಹಿತ್ತಾಳೆಯ ತಿರುಪು ಮತ್ತಿಯಲ್ಲಿ ತಲೆ ಮುರಿದುಕೊಳ್ಳುತ್ತದೆ. ಮೊದಲು ಅದೇ ಅಳತೆಯ ಉಕ್ಕಿನ ತಿರುಪು ಹಾಕಿ ತೆಗೆದು, ಆ ದಾರಿಯಲ್ಲಿ ಹಿತ್ತಾಳೆಯದನ್ನು ಹಾಕಿ. ಬರಿ ಕಬ್ಬಿಣ ತೇವದ ಮತ್ತಿಗೆ ತಾಗಿದರೆ ಸುತ್ತಲೂ ಕಪ್ಪು ಕಲೆ ಬಿಡುತ್ತದೆ. ಬಿಜಾಗರಿ, ಚಿಲಕಕ್ಕೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಉಕ್ಕು ಇರಲಿ.

## ಹಂತ 9: ಗೋಡೆಗೆ ಕೂರಿಸುವುದು

ಮುಗಿದ ದಾರಂದ 60 ಕೆ.ಜಿ. ಸುಮಾರು ಇರುತ್ತದೆ. ಇಬ್ಬರಿಂದ ಎತ್ತಬಹುದು, ಆದರೆ ತೂಗುಗುಂಡು ಹಿಡಿಯಲು ಮೂರನೆಯವರು ಬೇಕು.

ಗೋಡೆಗೆ ತಾಗುವ ಮೂರು ಮೈ ಮತ್ತು ಚಾಚುಗಳಿಗೆ ಕೂರಿಸುವ ಮೊದಲು ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಅಥವಾ ಡಾಂಬರು ಬಳಿಯಿರಿ, ಅಡ್ಡಮೈಗೆ ಎರಡು ಸಲ. ಗೆದ್ದಲು ಮತ್ತು ತೇವ ಎರಡಕ್ಕೂ ತಡೆ. ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ, ಕೈಗವಸು ಹಾಕಿಕೊಂಡು ಕೋಲಿಗೆ ಕಟ್ಟಿದ ಬಟ್ಟೆಯಿಂದ ಹಚ್ಚಿ. ಕಾಣುವ ಮೈಗೆ ಸಿಡಿಯದಂತೆ ನೋಡಿಕೊಳ್ಳಿ, ಆ ಕಪ್ಪು ಹೋಗುವುದಿಲ್ಲ.

ಕಾಣುವ ಮೈಗಳಿಗೂ, ಹತ್ತನೇ ಹಂತದಲ್ಲಿ ಹೇಳಿದ ಹಾಗೆ ಉಜ್ಜಿ, ಎಣ್ಣೆಯ ಮೊದಲ ಕೋಟು ಇಲ್ಲೇ ಆಗಬೇಕು. ಬರಿ ಮರವನ್ನು ಗಾರೆ ಕೆಲಸಕ್ಕೆ ಒಡ್ಡುವುದರಿಂದ ಎರಡು ವರ್ಷದ ಶ್ರಮ ಹದಿನೈದು ದಿನದಲ್ಲಿ ಹಾಳಾಗುತ್ತದೆ. ಸಿಮೆಂಟಿನ ನೀರು ಕುಡಿದ ಮರ ಉಬ್ಬಿ, ಆಮೇಲೆ ಬೇಸಿಗೆಯಲ್ಲಿ ಮತ್ತೆ ಸೀಳುತ್ತದೆ. ಪ್ಲಾಸ್ಟಿಕ್ ಹಾಳೆ ಸುತ್ತಿ, ಗೋಡೆಗೆ ನೀರು ಹೊಡೆಯುವಾಗ ಹೊಸ್ತಿಲಿನ ಮೇಲೆ ನಿಲ್ಲದಂತೆ ನೋಡಿಕೊಳ್ಳಲು ಮೇಸ್ತ್ರಿಗೆ ಹೇಳಿ.

ಒಂದೊಂದು ಕಂಬಕ್ಕೆ ಗೋಡೆಗೆ ಬಿಗಿಯುವ ಮೂರು ಕಬ್ಬಿಣದ ಪಟ್ಟಿ, ಅಂದರೆ ಹೋಲ್ಡ್‌ಫಾಸ್ಟ್, ಎರಡೂ ಸೇರಿ ಆರು. ತೂಗುಗುಂಡನ್ನು ಕಂಬದ ಎರಡು ಮೈಗೂ ಹಿಡಿಯಿರಿ, ಹೊಸ್ತಿಲಿಗೆ ರಸಮಟ್ಟ ಇಡಿ. ಮೇಲಡ್ಡದ ಮೇಲೆ ಗೋಡೆಯ ಭಾರ ಬೀಳಬಾರದು, ಅದಕ್ಕೆ ಲಿಂಟಲ್ ಬೇರೆ ಇರಬೇಕು. ಎರಡರ ನಡುವೆ ಕಾಲು ಇಂಚು ಸಂದು ಬಿಡಿ.

## ಹಂತ 10: ಎಣ್ಣೆ

ಉಪ್ಪುಕಾಗದದಿಂದ ಎಳೆಯ ಉದ್ದಕ್ಕೆ ಉಜ್ಜಿ, ಪುಡಿ ಒರೆಸಿ. ಕಾಯಿಸಿದ ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ ಮೊದಲ ಕೋಟು. ಮೂರು ದಿನ ಬಿಟ್ಟು ಬರಿ ಎಣ್ಣೆಯ ತೆಳು ಕೋಟು ಎರಡು ಸಲ. ಹಚ್ಚಿದ ಅರ್ಧ ಗಂಟೆಗೆ ಹೀರದೆ ಉಳಿದದ್ದನ್ನು ಒರೆಸಿಬಿಡಿ, ಬಿಟ್ಟರೆ ಅಂಟಂಟಾಗಿ ದೂಳು ಹಿಡಿಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ, ಮರದ ಪುಡಿ ಇರುವ ಕಡೆಯಂತೂ ದೊಡ್ಡ ಅಪಾಯ. ನೀರಿನಲ್ಲಿ ನೆನೆಸಿ, ಬಯಲಲ್ಲಿ ಹರಡಿ ಒಣಗಿಸಿ. ಮಳೆ ಎರಚುವ ಹೊರಬಾಗಿಲಿಗೆ ವರ್ಷಕ್ಕೊಮ್ಮೆ ದೀಪಾವಳಿ ಕಳೆದ ಮೇಲೆ ಒಂದು ಕೋಟು ಬೇಕು, ಒಳಬಾಗಿಲಿಗೆ ನಾಲ್ಕೈದು ವರ್ಷಕ್ಕೊಮ್ಮೆ ಸಾಕು.

## ಈಗಾಗಲೇ ಸೀಳಿದ ದಾರಂದಕ್ಕೆ

ಸೀಳಿದ ಕೂಡಲೇ ತುಂಬಲು ಹೋಗಬೇಡಿ. ಎರಡು ಬೇಸಿಗೆ ಕಳೆಯಲಿ, ಸೀಳಿನ ತುದಿಯಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಮುಂದಿನ ಬೇಸಿಗೆಯಲ್ಲಿ ಗೆರೆ ದಾಟಿರದಿದ್ದರೆ ಮರ ಒಣಗಿ ಮುಗಿಸಿದೆ. ಆಗ ಮತ್ತಿಯದೇ ನುಣ್ಣನೆ ಪುಡಿಯನ್ನು ಎಪಾಕ್ಸಿ ಅಂಟಿನೊಂದಿಗೆ ಕಲಸಿ ತುಂಬಿ. ಕಾಲು ಇಂಚಿಗಿಂತ ಅಗಲದ ಸೀಳಿಗೆ ಒಣ ಮತ್ತಿಯ ತೆಳು ಚಕ್ಕೆಯನ್ನು ಸೀಳಿನ ಆಕಾರಕ್ಕೆ ಹೆರೆದು, ಒಂದೇ ಬದಿಗೆ ಅಂಟು ಹಚ್ಚಿ ಕೂರಿಸಿ. ಎರಡೂ ಬದಿಗೆ ಅಂಟಿಸಿದರೆ ಮುಂದಿನ ಬೇಸಿಗೆಯಲ್ಲಿ ಪಕ್ಕದಲ್ಲೇ ಹೊಸ ಸೀಳು ಬಿಡುತ್ತದೆ.

ಉದ್ದಕ್ಕೆ ಓಡಿದ ಸೀಳು ಕಂಬದ ಬಲ ಕಡಿಮೆ ಮಾಡುವುದು ಬಹಳ ಸ್ವಲ್ಪ. ಸೀಳು ಓರೆಯಾಗಿ ಒಂದು ಮೈಯಿಂದ ಪಕ್ಕದ ಮೈಗೆ ದಾಟಿದರೆ, ಅಥವಾ ಬಿಜಾಗರಿಯ ತಿರುಪುಗಳ ಸಾಲಿನಲ್ಲೇ ಬಂದರೆ ಮಾತ್ರ ಕಂಬ ಬದಲಿಸುವ ಯೋಚನೆ ಮಾಡಿ. ಅದಕ್ಕೂ ಮೊದಲು ಬಿಜಾಗರಿಯನ್ನು ನಾಲ್ಕು ಇಂಚು ಮೇಲಕ್ಕೋ ಕೆಳಕ್ಕೋ ಸರಿಸಿ ನೋಡಬಹುದು.

ಮಳೆಗಾಲದಲ್ಲಿ ಹಿಡಿಯುವ ಬಾಗಿಲನ್ನು ಮಳೆಗಾಲದಲ್ಲೇ ಹೆರೆಸಬೇಡಿ. ಮಾಘದಲ್ಲಿ ಅಷ್ಟೇ ಅಗಲದ ಸಂದು ಬಿಡುತ್ತದೆ. ಹಿಡಿಯುವ ಜಾಗಕ್ಕೆ ಸೀಮೆಸುಣ್ಣ ಉಜ್ಜಿ ಗುರುತು ಮಾಡಿ, ಅಂಚಿಗೆ ಮೇಣ ತಿಕ್ಕಿ ತಳ್ಳಿಕೊಂಡು ಹೋಗಿ. ಜನವರಿ, ಫೆಬ್ರವರಿಯಲ್ಲೂ ಅದೇ ಜಾಗ ಹಿಡಿಯುತ್ತಿದ್ದರೆ ಆಗ ದಾರ ಕಟ್ಟಿ ದಾರಂದದ ತಿರುಚು ನೋಡಿ, ಎಷ್ಟಿದೆಯೋ ಅಷ್ಟನ್ನು ಬಾಗಿಲಿನ ಅಂಚಿನಲ್ಲಿ ಹೆರೆಸಿ, ಹೆರೆದ ಅಂಚಿಗೆ ಅಂದೇ ಎಣ್ಣೆ ಹಚ್ಚಿ.